ಒಂದಿಷ್ಟೂ ಕುಲುಕದ ಹಾಗೆ

ಲಾರಿ ಡ್ರೈವರನ ದವಡೆ ಊದಿಕೊಂಡದ್ದರಿಂದ ಇಷ್ಟೆಲ್ಲ ಆಯಿತು.

ಬೆಳಿಗ್ಗೆ ಅವನ ಹೆಂಡತಿಯ ಫೋನು ಬಂದಾಗ ಮಿಲೂನ್ ತನ್ನ ಬಡಗಿ ವರ್ಕ್‌ಶಾಪಿನ ಬಾಗಿಲಲ್ಲಿ ಅರ್ಧ ತಿಂದ ಮಾಂಸದ ಬುರೆಕ್ ಕಡುಬು ಹಿಡಿದು ನಿಂತಿದ್ದ. "ರಾತ್ರಿಯೆಲ್ಲ ಹಲ್ಲುನೋವು ಕಣಪ್ಪಾ. ಮುಖ ಕುಂಬಳಕಾಯಿ ಆಗಿದೆ. ಇವತ್ತು ಅವರು ಬರೋ ಹಾಗಿಲ್ಲ. ಸೋಮವಾರ ನೋಡೋಣ," ಎಂದಳು ಆಕೆ.

ಸೋಮವಾರ ಎಂಬುದು ಆಗುವ ಮಾತೇ ಅಲ್ಲ. ವರ್ಕ್‌ಶಾಪಿನ ಜಾಗವನ್ನು ಮಾಲೀಕ ಕಾಫಿ ಅಂಗಡಿಯವರಿಗೆ ಕೊಟ್ಟಾಗಿತ್ತು. ಅವರ ಟೈಲ್ಸು ಆಗಲೇ ಅಂಗಳಕ್ಕೆ ಬಂದು ಬಿದ್ದಿತ್ತು. ಅದರ ಮೇಲೆ ಇಬ್ಬರು ಗಾರೆಯವರು ಕೂತು ಸಿಗರೇಟು ಸೇದುತ್ತಾ, ಹೆರಿಗೆ ಆಸ್ಪತ್ರೆಯ ಹೊರಗೆ ಕಾಯುವವರ ಹಾಗೆ ಬಾಗಿಲ ಕಡೆಗೇ ನೋಡುತ್ತಿದ್ದರು.

ಜಾಗ ಬಿಡುವುದಕ್ಕೆ ಮಿಲೂನನಿಗೆ ಎಳ್ಳಷ್ಟೂ ಬೇಸರವಿರಲಿಲ್ಲ. ವರ್ಕ್‌ಶಾಪು ಇದ್ದದ್ದು ಊರಿನ ಗುಡ್ಡದ ಮೇಲೆ, ಸ್ಮಶಾನದ ಗೇಟಿಗೆ ಎದುರಾಗಿ. ಪಕ್ಕದಲ್ಲಿ ಕೋಸ್ತಾನ ಅಂಗಡಿ. ಕೋಸ್ತಾ ಊರಿನವರ ಅಂತ್ಯಕ್ರಿಯೆಯ ಏರ್ಪಾಡನ್ನೆಲ್ಲ ನೋಡಿಕೊಳ್ಳುವವನು. ಒಳ್ಳೆಯ ಮನುಷ್ಯ, ಆದರೆ ಅವನ ಕೆಲಸ ಯಾವಾಗಲೂ ಅವಸರದ್ದು. ಮಿಲೂನ್ ಒಂದು ಅಡುಗೆಮನೆಯ ಕಪಾಟಿಗೆ ಕೈ ಹಚ್ಚಿದ್ದಾನೆ ಎನ್ನುವಷ್ಟರಲ್ಲಿ ಕೋಸ್ತಾ ಕಿಟಕಿಯಲ್ಲಿ ತಲೆ ತೂರಿಸಿ, "ಮಿಲೂನ್, ನಾಳೆ ಹನ್ನೊಂದಕ್ಕೆ ಒಂದು ಬೇಕಪ್ಪಾ, ಸ್ವಲ್ಪ ಅಗಲಕ್ಕೆ," ಎನ್ನುವನು. ಹೀಗೆ ಶವಪೆಟ್ಟಿಗೆ ಮಾಡಿ ಮಾಡಿ ಮಿಲೂನನಿಗೆ ಸಾಕಾಗಿತ್ತು. ಹೆಂಡತಿ ದೆಸಾಂಕಾಳ ಹತ್ತಿರ ಅವನು ಆಗಾಗ ಹೇಳುವುದಿತ್ತು: "ಬದುಕಿರೋರು ಉಪಯೋಗಿಸೋದು ಏನಾದ್ರೂ ಮಾಡ್ಬೇಕು ಕಣೇ. ತೊಟ್ಟಿಲು, ಊಟದ ಮೇಜು, ಕೊನೇಪಕ್ಷ ಒಂದು ಕೋಳಿಗೂಡು." ಆದ್ದರಿಂದಲೇ ಕೆಳಪೇಟೆಯಲ್ಲಿ, ಸೇತುವೆಯ ಆಚೆ, ಶಿಶುವಿಹಾರದ ಎದುರಿಗೆ ಹೊಸ ಜಾಗ ಹಿಡಿದಿದ್ದ.

ಗರಗಸ, ಕೊರೆಯುವ ಯಂತ್ರ, ಬೆಂಚು, ಎಲ್ಲವೂ ಹಿಂದಿನ ದಿನವೇ ಹೋಗಿದ್ದವು. ದೆಸಾಂಕಾ ಕೂಡ ಅಲ್ಲಿಗೆ ಹೋಗಿ ನೆಲ ತೊಳೆಯುತ್ತಿದ್ದಳು. ಇಲ್ಲಿ ಉಳಿದದ್ದು ಮರ ಕೀಸುವ ದೊಡ್ಡ ಯಂತ್ರ ಒಂದೇ. ಅಚ್ಚ ಎರಕದ ಕಬ್ಬಿಣ. ಮೇಲೆ ಕನ್ನಡಿಯ ಹಾಗೆ ನುಣುಪಾದ ಉದ್ದನೆಯ ಮೇಜು, ಕೆಳಗೆ ಆನೆಯ ಕಾಲಿನಂಥ ಬುಡ. ಮುಚ್ಚಿಹೋದ ಪೀಠೋಪಕರಣದ ಕಾರ್ಖಾನೆಯಿಂದ ಮಿಲೂನನ ಅಪ್ಪ ತಂದದ್ದು. ಅದಕ್ಕೆ ಏನಾದರೂ ಆದರೆ ಮಿಲೂನನ ಕಸುಬು ಅಲ್ಲಿಗೆ ಮುಗಿದಂತೆ. ಅಂಥದ್ದನ್ನು ಈಗ ಯಾರೂ ಎರಕ ಹೊಯ್ಯುವುದಿಲ್ಲ.

ಅವನು ತಯಾರಿಯಲ್ಲಿ ಏನೂ ಕೊರತೆ ಮಾಡಿರಲಿಲ್ಲ. ತಾನು ಹಲ್ಲು ಎಂದು ಕರೆಯುತ್ತಿದ್ದ ಕೀಸುವ ಅಲಗುಗಳನ್ನು ಬಿಚ್ಚಿ ಕಂಬಳಿಯ ತುಂಡಿನಲ್ಲಿ ಸುತ್ತಿಟ್ಟಿದ್ದ. ಮೋಟಾರು ತೆಗೆದು ಬೇರೆ ಕಳಿಸಿದ್ದ. ಮೇಜನ್ನು ಪೂರ್ತಿ ಕೆಳಗಿಳಿಸಿ ಅಲುಗಾಡದಂತೆ ಬಿಗಿದಿದ್ದ. ಬುಡವನ್ನು ಓಕ್ ಮರದ ದಪ್ಪ ದಿಮ್ಮಿಗಳಿಗೆ ಬೋಲ್ಟು ಹಾಕಿ ಕೂರಿಸಿ, ದಿಮ್ಮಿಗಳ ಕೆಳಗೆ ಉರುಳಲು ಕಬ್ಬಿಣದ ಕೊಳವೆಗಳನ್ನು ಇಟ್ಟಿದ್ದ. ಹಿಂಬದಿಯಲ್ಲಿ ಏರಿಳಿಯುವ ಹಲಗೆ ಇರುವ ಲಾರಿಯೊಂದೇ ಬಾಕಿ.

"ಎಲ್ಲಪ್ಪಾ ನಿನ್ನ ಲಾರಿ?" ಎನ್ನುತ್ತಾ ಎದುರುಮನೆಯ ಒಬ್ರಾದ್ ಬಂದ. ರೈಲ್ವೆಯಲ್ಲಿ ಸಾಮಾನು ಏರಿಸುವ ಕೆಲಸದಿಂದ ನಿವೃತ್ತನಾದವನು. ಕೊರಳಲ್ಲಿ ಇವತ್ತಿಗೂ ಸೀಟಿ ನೇತುಹಾಕಿಕೊಂಡೇ ಓಡಾಡುತ್ತಿದ್ದ.

"ಹಲ್ಲುನೋವಂತೆ."

"ಲಾರಿಗಾ?"

"ಡ್ರೈವರಿಗೆ."

"ಅಷ್ಟೇ ತಾನೇ! ನಾನು ರೈಲ್ವೆ ಎಂಜಿನ್ನನ್ನೇ ಎತ್ತಿ ಹಾಕಿಸಿದೋನು. ಈ ಪೆಟ್ಟಿಗೆ ಏನ್ ಮಹಾ?" ಎಂದ ಒಬ್ರಾದ್, ಮಿಲೂನ್ ಬಾಯಿ ತೆರೆಯುವ ಮೊದಲೇ ಸೀಟಿ ಊದಿಬಿಟ್ಟ.

ಆ ಬೀದಿಯಲ್ಲಿ ಸೀಟಿ ಕೇಳಿ ಮನೆಯಲ್ಲಿ ಉಳಿಯುವವರು ಯಾರೂ ಇರಲಿಲ್ಲ. ಮೂಲೆಯ ಹೋಟೆಲಿನಿಂದ ನಾಲ್ಕೈದು ಜನ ಗ್ಲಾಸು ಕೆಳಗಿಟ್ಟು ಬಂದರು. ಗಾರೆಯವರು ಟೈಲ್ಸಿನ ಮೇಲಿಂದ ಎದ್ದರು. ಪಕ್ಕದ ಮನೆಯ ರಾದ್ಮಿಲಾ ಕಾಫಿಯ ತಟ್ಟೆ ಹಿಡಿದು ಹೊರಗೆ ಬಂದಳು.

"ನಾಲ್ಕು ಮೂಲೆಗೆ ನಾಲ್ಕು ಜನ," ಒಬ್ರಾದ್ ಅಪ್ಪಣೆ ಕೊಟ್ಟ. "ಮೇಜಿನ ಅಂಚು ಹಿಡ್ಕೊಳ್ಳಿ. ಸೀಟಿ ಊದಿದ ತಕ್ಷಣ ಎತ್ತಿ."

ಮಿಲೂನ್ ಹಾರಿ ಹೋಗಿ ಯಂತ್ರದ ಮೇಲೆ ಅಡ್ಡ ಬಿದ್ದ. "ಮೇಜು ಮುಟ್ಟಬೇಡ್ರೋ! ಮೇಜು ಹಿಡಿದು ಎತ್ತಿದ್ರೆ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತೆ. ಆಮೇಲೆ ಜೀವಮಾನವೆಲ್ಲಾ ಸೊಟ್ಟ ಹಲಗೆನೇ ಬರೋದು. ಹಿಡಿಯೋದಾದ್ರೆ ಬುಡ ಹಿಡೀರಿ."

"ಕೂದಲೆಳೆಯಷ್ಟಾ?" ಒಬ್ರಾದ್ ನಕ್ಕ. "ನನ್ನ ಸೊಂಟ ಗೇಣುದ್ದ ತಿರುಚಿದೆ. ನಾನು ಓಡಾಡ್ತಿಲ್ವಾ?"

"ನಿನ್ನನ್ನ ಇಟ್ಕೊಂಡು ನಾನು ಹಲಗೆ ಕೀಸಬೇಕಾಗಿಲ್ಲವಲ್ಲ, ಮಾರಾಯಾ!"

ಕೊನೆಗೆ ಎತ್ತುವುದು ಬೇಡ, ಉರುಳಿಸುವುದು ಎಂದಾಯಿತು. ಆದರೆ ಹುಕುಂ ಒಬ್ಬನದೇ ಇರಬೇಕು, ಅದು ತನ್ನದೇ ಇರಬೇಕು ಎಂದು ಒಬ್ರಾದ್ ಪಟ್ಟು ಹಿಡಿದ. "ಒಂದು ಸೀಟಿ ಅಂದ್ರೆ ತಳ್ಳಿ. ಎರಡು ಸೀಟಿ ಅಂದ್ರೆ ನಿಲ್ಲಿಸಿ. ರೈಲ್ವೆ ನಿಯಮ."

ಕೆಲಸ ಚೆನ್ನಾಗಿಯೇ ಶುರುವಾಯಿತು. ಒಂದು ಸೀಟಿಗೆ ಯಂತ್ರ ಬಾಗಿಲು ದಾಟಿತು. ಎರಡು ಸೀಟಿಗೆ ಅಂಗಳದಲ್ಲಿ ನಿಂತಿತು. ಅಲ್ಲಿಂದ ಮುಂದೆ ಅಂಗಳ ಬೀದಿಯ ಕಡೆಗೆ ಇಳಿಜಾರು. ಇಳಿಜಾರಿನ ಬುಡದಲ್ಲಿ ರಾದ್ಮಿಲಾ ಚಳಿಗಾಲದ ಐವಾರ್ ಚಟ್ನಿಗೆಂದು ಸುಟ್ಟ ಕೆಂಪು ದೊಣ್ಣೆಮೆಣಸಿನಕಾಯಿಗಳನ್ನು ಪೇಪರಿನ ಮೇಲೆ ಹರವಿದ್ದಳು.

"ಕಾಫಿ ಆರಿಹೋಗುತ್ತೆ, ಒಬ್ರಾದ್. ಒಂದು ಗುಟುಕು ಕುಡಿದು ಊದು," ಎಂದು ಅವಳು ಲೋಟವನ್ನು ಅವನ ಮೂಗಿಗೇ ಹಿಡಿದಳು.

ಒಬ್ರಾದ್ ಗುಟುಕರಿಸಿದ. ಸೀಟಿಯನ್ನು ಬಾಯಿಗಿಟ್ಟ. ಅಷ್ಟರಲ್ಲಿ ಕಾಫಿಯ ಚರಟ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಕೆಮ್ಮಿದಷ್ಟು ಸಲವೂ ಸೀಟಿ ಕೂಗಿತು. ಒಂದು, ಎರಡು, ಒಂದು, ಮತ್ತೆ ಎರಡು. ರೈಲ್ವೆ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ ಜನ ತಳ್ಳಿದರು, ಬಿಟ್ಟರು, ತಳ್ಳಿದರು, ಬಿಟ್ಟರು. ಕೊನೆಯ ಸಲ ಅವರು ಬಿಟ್ಟಾಗ ಯಂತ್ರ ಬಿಡಲಿಲ್ಲ. ತನ್ನಷ್ಟಕ್ಕೆ ಕೆಳಗೆ ಹೊರಟಿತು.

"ಮುಂದೆ ಯಾರೂ ನಿಲ್ಲಬೇಡಿ! ಕೈ ಹಾಕಬೇಡಿ!" ಮಿಲೂನ್ ಕಿರುಚಿದ. ಆಗಲೇ ಯಂತ್ರ ಪೇಪರಿನ ಮೇಲೆ ಏರಿ, ಚಳಿಗಾಲದ ಚಟ್ನಿಯನ್ನು ಒಂದು ತಿಂಗಳು ಮೊದಲೇ ಅರೆದು ಮುಗಿಸಿತ್ತು. ಅದರ ರಸಕ್ಕೆ ಕೊಳವೆಗಳು ಇನ್ನಷ್ಟು ಜಾರತೊಡಗಿದವು. ಅಡೆ ಕೊಡುವುದಕ್ಕೆ ಕೈಗೆ ಏನೂ ಸಿಗಲಿಲ್ಲ. ಮಿಲೂನ್ ಬಗ್ಗಿ ತನ್ನ ಬಲಗಾಲಿನ ಬೂಟನ್ನೇ ಕಿತ್ತು ಮುಂದಿನ ಕೊಳವೆಯ ಕೆಳಗೆ ಎಸೆದ.

ಯಂತ್ರ ಬೂಟನ್ನು ಅರ್ಧ ನುಂಗಿ ನಿಂತಿತು.

ಮಿಲೂನ್ ಮೇಜಿನ ನಾಲ್ಕೂ ಮೂಲೆ ಸವರಿ ನೋಡಿದ. ಏನೂ ಆಗಿರಲಿಲ್ಲ. ನೇರವಾಗಿ ಒಬ್ರಾದನ ಹತ್ತಿರ ಹೋಗಿ ಕೈ ಚಾಚಿದ. "ಸೀಟಿ ಕೊಡು."

"ಮಂತ್ರಿ ಬಂದಾಗಲೂ ಯಾರೂ ನನ್ನ ಸೀಟಿ ಕೇಳಿರಲಿಲ್ಲ," ಎಂದು ಗೊಣಗಿದ ಒಬ್ರಾದ್. ಆದರೂ ಕೊಟ್ಟ.

"ನನ್ನ ಮೆಣಸಿನಕಾಯಿ?" ಎಂದಳು ರಾದ್ಮಿಲಾ.

"ಹೊಸದು ತಂದುಕೊಡ್ತೀನಮ್ಮಾ."

"ತಂದುಕೊಟ್ರೆ ಸಾಲದು. ಸುಟ್ಟು, ಸಿಪ್ಪೆ ಬಿಡಿಸಿ ಕೊಡ್ಬೇಕು." ಹಾಗೆಂದರೂ ಅವನ ಬರಿಗಾಲು ನೋಡಿ ಕನಿಕರ ಬಂದು, ಒಳಗಿನಿಂದ ತನ್ನದೇ ಒಂದು ಹೂವಿನ ಚಪ್ಪಲಿ ತಂದುಕೊಟ್ಟಳು. ಮಿಲೂನನ ಬೇರೆ ಬೂಟುಗಳೆಲ್ಲ ಗಂಟುಮೂಟೆಯ ಜೊತೆ ಕೆಳಪೇಟೆ ಸೇರಿದ್ದವು.

ಈ ಗಲಾಟೆಗೆ ಕೋಸ್ತಾ ತನ್ನ ಅಂಗಡಿಯಿಂದ ಹೊರಗೆ ಬಂದ. ಸುತ್ತ ಒಮ್ಮೆ ನೋಡಿ, ಕಸುಬಿನ ಅಭ್ಯಾಸದಂತೆ ದನಿ ತಗ್ಗಿಸಿ, "ನನ್ನ ಗಾಡಿ ಇದೆಯಲ್ಲ ಮಿಲೂನ್," ಎಂದ.

ಮಿಲೂನ್ ಒಂದು ಹೆಜ್ಜೆ ಹಿಂದೆ ಸರಿದ. ಕೋಸ್ತಾನ ಗಾಡಿ ಎಂದರೆ ಊರಿಗೆಲ್ಲ ಗೊತ್ತಿದ್ದ, ಹೆಣ ಒಯ್ಯುವ ಕಪ್ಪು ಮೋಟಾರು ಗಾಡಿ. ಎರಡೂ ಬಾಗಿಲ ಮೇಲೆ ಬೆಳ್ಳಿ ಬಣ್ಣದ ಶಿಲುಬೆ. ಆದರೆ ಅವನು ಬಡಗಿಯಾಗಿ ಅದನ್ನು ಇನ್ನೊಮ್ಮೆ ನೋಡಿದ. ಹಿಂಭಾಗ ಪೂರ್ತಿ ತೆರೆದದ್ದು, ಉದ್ದಕ್ಕಿದೆ, ನೆಲಕ್ಕೆ ಹತ್ತಿರವಿದೆ. ಭಾರದ ಸಾಮಾನಿಗೆ ಗಾಡಿ ಎಷ್ಟು ತಗ್ಗಿದ್ದರೆ ಅಷ್ಟು ಕ್ಷೇಮ. ಸ್ಪ್ರಿಂಗುಗಳಂತೂ ಬೆಣ್ಣೆ.

"ಇವತ್ತು ನಿನಗೆ ಕೆಲಸ ಇಲ್ವಾ?"

"ದೇವರ ದಯೆ, ಯಾರೂ ಇಲ್ಲ," ಎಂದ ಕೋಸ್ತಾ, ಸ್ವಲ್ಪ ಬೇಸರದಿಂದ.

ಸೀಟಿಯಿಲ್ಲದ ಕಾರಣ ಏರಿಸುವ ಕೆಲಸ ಸಲೀಸಾಗಿ ನಡೆಯಿತು. ದಪ್ಪ ಹಲಗೆಗಳನ್ನು ಗಾಡಿಗೆ ಒರಗಿಸಿ, ಕೈರಾಟೆಯ ಸರಪಳಿಯಿಂದ ಹಲ್ಲು ಹಲ್ಲಾಗಿ ಎಳೆದು, ಹಿಂದಿನಿಂದ ಬೆಣೆ ಕೊಡುತ್ತಾ ಮಿಲೂನ್ ಯಂತ್ರವನ್ನು ಮೇಲೇರಿಸಿದ. ಬುಡಕ್ಕೆ ನಾಲ್ಕೂ ಕಡೆ ಪಟ್ಟಿ ಬಿಗಿದ. ತಲೆಭಾರದ ಯಂತ್ರವಾದ್ದರಿಂದ ಎರಡು ಬದಿಗೂ ಹಗ್ಗ ಕಟ್ಟಿ, ಒಂದೊಂದು ಬದಿಗೆ ಮೂವರಂತೆ ಹಿಡಿದು ನಡೆಯಬೇಕೆಂದ. ತಾನು ಹಿಂದೆ.

ಹೊರಡುವ ಹೊತ್ತಿಗೆ ಸರಿಯಾಗಿ ತುಂತುರು ಹನಿಯಿತು. ಉಜ್ಜಿ ಎಣ್ಣೆ ಹಚ್ಚಿಟ್ಟ ಎರಕದ ಮೇಜಿಗೆ ನೀರು ಬಿದ್ದರೆ ಸಂಜೆಯೊಳಗೆ ತುಕ್ಕು. ತಾಡಪಾಲು ಹಲ್ಲುನೋವಿನವನ ಲಾರಿಯಲ್ಲಿತ್ತು. "ಗಾಡಿಯಲ್ಲಿ ನಮ್ಮದೇ ಒಂದು ಹೊದಿಕೆ ಇದೆ," ಎಂದ ಕೋಸ್ತಾ. ಕಪ್ಪು ಮಖಮಲ್ಲಿನದು, ಅಂಚಿಗೆ ಬೆಳ್ಳಿಯ ಕುಚ್ಚು. ಬೇರೆ ದಾರಿಯಿರಲಿಲ್ಲ, ಹೊದಿಸಿದರು.

"ಕೋಸ್ತಾ, ನಿಧಾನಕ್ಕೆ ಬಿಡು. ಒಂದಿಷ್ಟೂ ಕುಲುಕಬಾರದು."

"ನಂಗೆ ಬೇರೆ ಥರ ಬಿಡೋಕೇ ಬರಲ್ಲ," ಎಂದ ಕೋಸ್ತಾ.

ಹೀಗೆ ಅವರು ಗುಡ್ಡ ಇಳಿಯತೊಡಗಿದರು. ಮುಂದೆ ಕಪ್ಪು ಗಾಡಿ, ಅಕ್ಕಪಕ್ಕ ಹಗ್ಗ ಹಿಡಿದು ನೆಲ ನೋಡುತ್ತಾ ನಡೆಯುವ ಗಂಡಸರು, ಹಿಂದೆ ತಲೆಗೂದಲು ಕೆದರಿದ ಮಿಲೂನ್. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಹೂವಿನ ಚಪ್ಪಲಿ. ಒಂದು ಕೈ ಮಖಮಲ್ಲಿನ ಮೇಲೆ. ಅವನಿಗೆ ಯಂತ್ರವೊಂದನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕುಂಡವೊಂದರಲ್ಲಿ ಸೇವಂತಿಗೆ ಹಿಡಿದು ರಾದ್ಮಿಲಾ ಕೊನೆಯಲ್ಲಿ ಬರುತ್ತಿದ್ದಳು. ಹೊಸ ಜಾಗಕ್ಕೆ ಬರಿಗೈಯಲ್ಲಿ ಹೋಗಬಾರದೆಂದು ಅವಳ ಯೋಚನೆ.

ಮೊದಲ ತಿರುವಿನಲ್ಲಿ ರೊಟ್ಟಿ ಅಂಗಡಿಯವನು ಟೋಪಿ ತೆಗೆದು ಅಂಗಡಿಯ ಬಾಗಿಲು ಅರ್ಧ ಎಳೆದ. ಎರಡನೆಯ ತಿರುವಿನಲ್ಲಿ ಹೆಂಗಸರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಚರ್ಚಿನ ಗಂಟೆಯವನು ಕಿಟಕಿಯಲ್ಲಿ ಇಣುಕಿ, ತನಗೆ ಯಾರೂ ಹೇಳಲೇ ಇಲ್ಲವಲ್ಲ ಎಂದು ಗಾಬರಿಯಾಗಿ ಗಂಟೆ ಬಾರಿಸತೊಡಗಿದ. ಗಂಟೆ ಕೇಳಿದ ಮೇಲೆ ಜನ ಮನೆಗಳಿಂದ ಹೊರಬಂದು ಒಬ್ಬೊಬ್ಬರಾಗಿ ಹಿಂದೆ ಸೇರಿಕೊಂಡರು. ಸ್ಮಶಾನ ಮೇಲಿರುವಾಗ ಹೆಣ ಕೆಳಗೇಕೆ ಹೊರಟಿದೆ ಎಂದು ಅಂಥ ಹೊತ್ತಿನಲ್ಲಿ ಕೇಳುವುದು ಯಾರಿಗೂ ಸರಿ ಎನಿಸಲಿಲ್ಲ.

ಕೋಟು ಹಾಕಿಕೊಂಡ ಮುದುಕನೊಬ್ಬ ಮಿಲೂನನ ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈಯಿಟ್ಟ. "ಎಷ್ಟು ವರ್ಷ?"

"ನಲವತ್ತೆರಡು," ಎಂದ ಮಿಲೂನ್, ಪಟ್ಟಿಗಳ ಮೇಲಿಂದ ಕಣ್ಣು ತೆಗೆಯದೆ.

"ಅಯ್ಯೋ, ಅದೇನು ವಯಸ್ಸು! ಏನಾಗಿತ್ತಪ್ಪಾ?"

"ಏನೂ ಆಗಿಲ್ಲ. ಈಗಲೂ ಗಟ್ಟಿಯಾಗೇ ಇದೆ."

ಮುದುಕ ಅವನ ಮುಖ ನೋಡಿದ. ದುಃಖದಲ್ಲಿ ಜನ ಏನೇನೋ ಮಾತಾಡುತ್ತಾರೆ ಎಂದುಕೊಂಡ. "ನಿಮ್ಮ ಮನೆಯವರೇನಾ?"

"ಅಪ್ಪನ ಕಾಲದಿಂದ ಮನೆಯಲ್ಲೇ. ನಿನ್ನೆ ನಾನೇ ಕೂತು ಹಲ್ಲು ಬಿಚ್ಚಿದೆ."

"ಹಲ್ಲು?"

"ಹಾಗೇ ಬಿಟ್ರೆ ದಾರಿಯಲ್ಲಿ ಯಾರಿಗಾದ್ರೂ ಗಾಯ ಆಗುತ್ತಲ್ಲ. ಕೆಳಗೆ ತಗೊಂಡು ಹೋಗಿ ಸಿಮೆಂಟಿನಲ್ಲಿ ಬೋಲ್ಟು ಹಾಕಿ ಬಿಗಿದುಬಿಡ್ತೀನಿ. ಆಮೇಲೆ ಅಲ್ಲಾಡೋ ಮಾತೇ ಇಲ್ಲ."

ಮುದುಕ ಮೆಲ್ಲಗೆ ಕೈ ತೆಗೆದು ಮೆರವಣಿಗೆಯ ಹಿಂದಕ್ಕೆ ಸರಿದ. ಪಿಸುಮಾತು ಅಲೆಯಲೆಯಾಗಿ ಹಿಂದಕ್ಕೆ ಹೋಯಿತು.

ಸೇತುವೆಯ ಬಳಿ ರಸ್ತೆಗೂ ಸೇತುವೆಗೂ ನಡುವೆ ಒಂದು ಬಿರುಕಿತ್ತು. ಮಿಲೂನ್ ಗಾಡಿ ನಿಲ್ಲಿಸಿ, ಬಿರುಕಿಗೆ ಹಲಗೆ ಹಾಸಿ, ಮೊಣಕಾಲೂರಿ ಮಟ್ಟ ನೋಡಿದ. ಪೊಲೀಸಿನವನು ಎರಡೂ ಕಡೆ ಬಸ್ಸು ಕಾರುಗಳನ್ನು ತಡೆದು ಸೆಲ್ಯೂಟ್ ಹೊಡೆದ. ಗಾಡಿ ಹಲಗೆಯ ಮೇಲೆ ಬೆಕ್ಕಿನ ಹಾಗೆ ದಾಟಿತು. ಮಖಮಲ್ಲಿನ ಕುಚ್ಚು ಕೂಡ ಅಲುಗಲಿಲ್ಲ. ಜನ ನಿಟ್ಟುಸಿರು ಬಿಟ್ಟರು. ಒಬ್ಬಿಬ್ಬರು ಮೂಗು ಒರೆಸಿಕೊಂಡರು.

ಕೆಳಪೇಟೆಯ ಹೊಸ ವರ್ಕ್‌ಶಾಪಿನ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ದೆಸಾಂಕಾ, ಕಪ್ಪು ಗಾಡಿಯ ಹಿಂದೆ ಅರ್ಧ ಊರೇ ಬರುತ್ತಿರುವುದನ್ನು ಕಂಡು ಪೊರಕೆ ಬಿಟ್ಟು, "ಮಿಲೂನ್!" ಎಂದು ಚೀರಿದಳು. ಹಿಂದಿನಿಂದ ಗಂಡನ ಮುಖ ಇಣುಕಿದಾಗಲೇ ಅವಳಿಗೆ ಜೀವ ಬಂದದ್ದು. ಜೀವ ಬಂದ ಕೂಡಲೇ ಅವಳ ಕಣ್ಣು ಚಪ್ಪಲಿಯ ಮೇಲೆ ಬಿತ್ತು. "ಅದ್ಯಾರದ್ದು?"

ಮಖಮಲ್ಲು ತೆಗೆದಾಗ ಜನಕ್ಕೆ ಕಂಡದ್ದು ಹಸಿರು ಬಣ್ಣದ ಕಬ್ಬಿಣ. ಟೋಪಿ ತೆಗೆದವರು ಹಾಕಿಕೊಂಡರು. ಸತ್ತವರ ಹೆಸರಿನಲ್ಲಿ ಹಂಚಲೆಂದು ಗೋಧಿ ಬೇಯಿಸಿ ಸಕ್ಕರೆ ಬೆರೆಸಿ ತಂದಿದ್ದ ಹೆಂಗಸು, ಬೇಯಿಸಿದ್ದು ಬೇಯಿಸಿಯಾಗಿದೆ ಎಂದು ಅದನ್ನೇ ಹಂಚಿದಳು. ಯಾರೂ ಮನೆಗೆ ಹೋಗಲಿಲ್ಲ. ಇಷ್ಟು ದೂರ ಬಂದ ಮೇಲೆ ಇಳಿಸುವುದನ್ನೂ ನೋಡಿಯೇ ಹೋಗುವುದು ಎಂದು ನಿಂತರು.

ಜಾಗದ ಮಾಲೀಕಳಾದ ಸ್ತಾನಿಯಾ ಅಜ್ಜಿ ಮೇಲಿನ ಮಹಡಿಯ ಕಿಟಕಿಯಿಂದ ನೋಡುತ್ತಿದ್ದಳು. ಎಂಬತ್ತು ದಾಟಿದ ಒಣಕಲು ಹೆಂಗಸು. ಕಣ್ಣು ಮಾತ್ರ ಗಿಡುಗನದು. ಜಾಗ ಕೊಡುವಾಗ, "ನೆಲ ಬಿರುಕು ಬಿಟ್ಟರೆ, ಗೋಡೆ ನಡುಗಿದರೆ ಅದೇ ದಿನ ಖಾಲಿ ಮಾಡಿಸ್ತೀನಿ," ಎಂದು ಎಚ್ಚರಿಸಿದ್ದಳು. ಆ ಕಣ್ಣಿನ ಕೆಳಗೆ ಮಿಲೂನ್ ಹಲಗೆ ಒರಗಿಸಿದ, ಸರಪಳಿ ಬಿಗಿದ, ಗೇಣು ಗೇಣಾಗಿ ಇಳಿಸಿದ. ಇಳಿಸುವ ಬದಿಯಲ್ಲಿ ಒಬ್ಬನನ್ನೂ ನಿಲ್ಲಗೊಡಲಿಲ್ಲ. ಯಂತ್ರ ನೆಲ ಮುಟ್ಟಿದಾಗ ಲೋಟ ಕೆಳಗಿಟ್ಟಷ್ಟು ಸದ್ದು ಕೂಡ ಆಗಲಿಲ್ಲ. ಮೇಜಿನ ಮೇಲೆ ಉಕ್ಕಿನ ಪಟ್ಟಿಯಿಟ್ಟು ಹಿಂದಿನಿಂದ ಟಾರ್ಚು ಬಿಟ್ಟು ನೋಡಿದ; ಪಟ್ಟಿಯ ಕೆಳಗೆ ಒಂದು ಗೆರೆ ಬೆಳಕೂ ತೂರಲಿಲ್ಲ. ಕೂದಲೆಳೆಯಷ್ಟೂ ತಿರುಚಿರಲಿಲ್ಲ. ಮಿಲೂನ್ ಯಂತ್ರಕ್ಕೆ ಹಣೆಯೊತ್ತಿ ಸ್ವಲ್ಪ ಹೊತ್ತು ಹಾಗೇ ನಿಂತ. ಒಬ್ರಾದ್ ಕೂಡ ಸೀಟಿಯ ವಿಷಯ ಮರೆತು ಅವನ ಬೆನ್ನು ತಟ್ಟಿದ.

ಆಗ ಕೋಲು ಊರುವ ಸದ್ದು ಕೇಳಿಸಿತು. ಜನ ದಾರಿ ಬಿಟ್ಟರು. ಸ್ತಾನಿಯಾ ಅಜ್ಜಿ ಯಂತ್ರದ ಸುತ್ತ ಒಂದು ಸುತ್ತು ಬಂದು, ಕೋಲಿನಿಂದ ನೆಲ ಕುಟ್ಟಿ ನೋಡಿದಳು.

"ಅಜ್ಜೀ, ನೆಲಕ್ಕೆ ಏನೂ ಆಗಿಲ್ಲ..." ಮಿಲೂನ್ ಶುರುಮಾಡಿದ.

"ನೆಲದ ಮಾತು ಯಾರು ಆಡಿದ್ರು? ನನ್ನ ಗಂಡನ್ನ ಮೇಲಕ್ಕೆ ತಗೊಂಡು ಹೋದಾಗ ನೀನು ನೋಡಿರಲಿಲ್ಲ. ಸೇತುವೆ ಹತ್ರ ಹೇಗೆ ಕುಲುಕಿದ್ರು ಅಂದ್ರೆ, ಒಳಗಿಂದ, ಪಾಪ, ದಡ್ ದಡ್ ಅಂತ ಸದ್ದು. ನಮ್ಮ ಅಕ್ಕನ್ನಂತೂ ಮೆಟ್ಟಿಲ ಮೇಲೆ ಬೀಳಿಸಿಯೇಬಿಟ್ರು." ಅವಳು ಮಿಲೂನನ ಎದೆಗೆ ಬೆರಳು ನೆಟ್ಟಳು. "ಇವತ್ತು ಬೆಳಗಿಂದ ನಾನು ಕಿಟಕಿಯಲ್ಲೇ ಇದ್ದೆ. ಒಂದು ಕಬ್ಬಿಣದ ತುಂಡನ್ನ ಇಷ್ಟು ಮರ್ಯಾದೆಯಿಂದ ತಂದೋನು ನನ್ನನ್ನ ಇನ್ನೆಷ್ಟು ಮರ್ಯಾದೆಯಿಂದ ಒಯ್ಯಬೇಡ! ಪೆಟ್ಟಿಗೆನೂ ನೀನೇ ಮಾಡ್ಬೇಕು, ತಗೊಂಡು ಹೋಗೋದೂ ನೀನೇ. ಹಲಗೆ, ಹಗ್ಗ, ಪಟ್ಟಿ, ಎಲ್ಲಾ ಹೀಗೇ ಇರ್ಬೇಕು."

"ಅಜ್ಜೀ, ನಾನು ಇಲ್ಲಿ ತೊಟ್ಟಿಲು ಮಾಡೋಣ ಅಂತ..."

"ಈ ವಯಸ್ಸಲ್ಲಿ ನಂಗೆ ತೊಟ್ಟಿಲು ಯಾಕೆ? ಅಳತೆ ತಗೋ."

ಅವಳು ಕೋಲನ್ನು ದೆಸಾಂಕಾಳ ಕೈಗೆ ಕೊಟ್ಟು, ಒಬ್ರಾದನ ಹೆಗಲು ಹಿಡಿದು ಯಂತ್ರದ ಉದ್ದನೆಯ ಮೇಜಿನ ಮೇಲೆ ಹತ್ತಿ ನೆಟ್ಟಗೆ ಮಲಗಿದಳು. ಎರಕದ ತಣ್ಣನೆಗೆ ಒಮ್ಮೆ ನಡುಗಿ, "ಚೆನ್ನಾಗಿ ಮಟ್ಟವಾಗಿದೆ," ಎಂದು ಮೆಚ್ಚಿದಳು. ಮಿಲೂನ್ ದಿಕ್ಕು ತೋಚದೆ ಸುತ್ತ ನೋಡಿದ. ಬಾಗಿಲಲ್ಲಿ ಕೋಟಿನ ಮುದುಕ ನಿಂತಿದ್ದ. ಅವನ ಹಿಂದೆ ಗೋಧಿ ತಂದ ಹೆಂಗಸು, ಅವಳ ಹಿಂದೆ ಅವಳ ಅತ್ತೆ, ಅತ್ತೆಯ ಹಿಂದೆ ಇನ್ನೂ ಯಾರ್ಯಾರೋ. ಎಲ್ಲರೂ ರೊಟ್ಟಿ ಅಂಗಡಿಯ ಮುಂದಿನ ಹಾಗೆ ಶಿಸ್ತಾಗಿ ಸಾಲು ಹಿಡಿದಿದ್ದರು.

ಕೋಸ್ತಾ ಮಖಮಲ್ಲು ಮಡಿಸುತ್ತಾ ಮಿಲೂನನ ಕಿವಿಯಲ್ಲಿ ಹೇಳಿದ: "ಒಳ್ಳೇ ಜಾಗ ಹಿಡಿದೆ ಕಣೋ. ಅಲ್ಲಿ ಹೊತ್ಕೊಂಡು ಬರಬೇಕಾಗಿತ್ತು. ಇಲ್ಲಿ ಅವರೇ ನಡ್ಕೊಂಡು ಬರ್ತಾರೆ."

ಮಿಲೂನ್ ಅಳತೆಯ ಟೇಪು ತೆಗೆದು ಅಜ್ಜಿಯ ತಲೆಯ ಕಡೆ ಹಿಡಿದ.

"ಅಲ್ಲಿ ಒಂದು ಗೇಣು ಜಾಸ್ತಿ ಇಡು," ಎಂದಳು ಸ್ತಾನಿಯಾ ಅಜ್ಜಿ ಕಣ್ಣು ಮುಚ್ಚಿಕೊಂಡೇ. "ನಾಳೆ ಬಂದು ಮಲಗಿ ನೋಡ್ತೀನಿ. ಮೊಣಕೈ ತಾಗಿದ್ರೆ ಬಿಚ್ಚಿ ಮತ್ತೆ ಮಾಡ್ಬೇಕು. ನಾಡಿದ್ದೂ ಬರ್ತೀನಿ."